ತಿಂಗಳಿಗೆ ಒಂದು ಲೋಟ ನೀರು

ಓದುವ ಎಲ್ಲರಿಗೂ ನನ್ನ ನಮಸ್ಕಾರ. ನಾನು ಬರಹಗಾರನಲ್ಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೇ ಮೂವತ್ತೊಂದನೇ ವಯಸ್ಸಿನಲ್ಲಿ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ, ಒತ್ತಕ್ಷರ ಬಂದಾಗೆಲ್ಲ ಬೆರಳು ತಡವರಿಸುತ್ತದೆ. ಎಲ್ಲಾದರೂ ತಪ್ಪು ಉಳಿದಿದ್ದರೆ ಸಿಟ್ಟು ಮಾಡಿಕೊಳ್ಳದೆ ನೀವೇ ಸರಿಮಾಡಿಕೊಂಡು ಓದಿ.

ಹೋದ ತಿಂಗಳು ಚಾಮರಾಜನಗರದಿಂದ ಊಟಿ ಕಡೆಗೆ ಒಂದು ಮದುವೆಗೆ ಹೊರಟಿದ್ದೆ. ಗುಂಡ್ಲುಪೇಟೆಗೆ ಇನ್ನೂ ಮೂರ್ನಾಲ್ಕು ಮೈಲಿ ಇರುವಾಗ ಬಸ್ಸಿನ ಕಿಟಕಿಯಿಂದ ಅರಿಶಿನ ಬೇಯಿಸುವ ವಾಸನೆ ಒಳಗೆ ಬಂತು. ಹೊಲದಲ್ಲಿ ಒಲೆ ಹೂಡಿ ಕೊಪ್ಪರಿಗೆಯಲ್ಲಿ ಅರಿಶಿನ ಕುದಿಸುತ್ತಿದ್ದರು. ಹಸಿಮಣ್ಣು, ಹೊಗೆ, ಬೇರು ಎಲ್ಲ ಸೇರಿದ ಆ ವಾಸನೆಗೆ ಪಕ್ಕದ ಸೀಟಿನವರು ಮೂಗಿಗೆ ಕರ್ಚೀಫು ಹಿಡಿದರು. ಕುದೇರಿನಲ್ಲಿ ಅರಿಶಿನದ ಪಾತಿಗಳ ನಡುವೆಯೇ ಬೆಳೆದ ನನಗೆ ಅದು ಮನೆಯ ವಾಸನೆ. ಆದರೆ ಅವತ್ತು ನೆನಪಾದದ್ದು ಕುದೇರಲ್ಲ. ಅರಿಶಿನ ಬೆಳೆದ ಇದೇ ಕೈಯಿಂದ ನಾನು ಕೊಂದ ಒಂದು ಗಿಡ. ಬಸ್ಸು ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಿತ್ತು. ಟೀ ಕುಡಿಯಲೂ ನಾನು ಇಳಿಯಲಿಲ್ಲ.

ಎರಡು ಸಾವಿರದ ಮೂರನೇ ಇಸವಿ. ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದೆ. ಕುದೇರಿನ ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು ಇದ್ದರು. ನನಗೆ ಇನ್ನೂ ಮದುವೆ ಆಗಿರಲಿಲ್ಲ. ಸ್ಕೂಲಿನ ಹಿಂದಿನ ಬೀದಿಯಲ್ಲಿ ಹೆಂಚಿನ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ನೆಂಟರು ಬರುವ ಕೋಣೆಯಲ್ಲ ಅದು. ಮೂರನೇ ವರ್ಷವೂ ಮಳೆ ಕೈಕೊಟ್ಟಿತ್ತು. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಬಂದರೆ ಬಂತು. ಟ್ಯಾಂಕರ್ ಬಂದಾಗ ಬೀದಿಯಲ್ಲಿ ಬಿಂದಿಗೆಗಳೇ ಮನುಷ್ಯರ ಹಾಗೆ ಸಾಲು ನಿಂತಿರುತ್ತಿದ್ದವು. ಯಾರ ಮನೆಯ ಮುಂದೆಯೂ ಗುಲಾಬಿಯಿಲ್ಲ, ದಾಸವಾಳವಿಲ್ಲ, ತುಳಸಿಯೂ ಕಡ್ಡಿಯಾಗಿತ್ತು.

ಹಸಿರು ಉಳಿದಿದ್ದ ಅಂಗಳ ಒಂದೇ, ಸರೋಜ ಮೇಡಮ್ಮನವರದು. ನಮ್ಮ ಸ್ಕೂಲಿನ ಗಣಿತದ ಟೀಚರು. ನನಗೆ ಮೂರು ವರ್ಷ ಸಂಜೆ ಹೊತ್ತು ಪಾಠ ಹೇಳಿ, ಫೇಲಾದಾಗೆಲ್ಲ ಬೈದು, ಕೊನೆಗೆ ಪಾಸು ಮಾಡಿಸಿದವರು ಅವರೇ. ಅವರ ಯಜಮಾನರು ಡ್ರಿಲ್ ಮೇಷ್ಟರಾಗಿದ್ದರು. ಗುಡ್ಡ ಹತ್ತುವುದೆಂದರೆ ಅವರಿಗೆ ಪ್ರಾಣ. ಆ ಅಂಗಳ ಅವರು ಮಾಡಿದ್ದು. ಮಣ್ಣು ತೆಗೆಸಿ ಜಲ್ಲಿ ತುಂಬಿಸಿ, ನಡುನಡುವೆ ಕಲ್ಲು ನಿಲ್ಲಿಸಿ, ಕತ್ತಾಳೆ, ಕಳ್ಳಿ, ಮಂಗರವಳ್ಳಿ ಹಾಕಿದ್ದರು. ನೀರು ಕೇಳದ ತೋಟ. ಜನ ಮೊದಮೊದಲು ನಗುತ್ತಿದ್ದರಂತೆ, ಮೇಷ್ಟರ ಮನೆ ಮುಂದೆ ರೋಡ್ ಕೆಲಸ ನಡೀತಾ ಇದೆ ಅಂತ.

ಆ ತೋಟದ ನಡುವೆ, ಅಂಚು ಒಡೆದ ಮಣ್ಣಿನ ಬಾನಿಯೊಂದರಲ್ಲಿ ಆ ಗಿಡ ಇತ್ತು. ಅದರ ಶಾಸ್ತ್ರದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಕಾಡುಬಸಳೆಯ ದಾಯಾದಿ ಇರಬೇಕು. ನಾವು ಬಂಡೆಗಿಡ ಅನ್ನುತ್ತಿದ್ದೆವು. ಗುಡ್ಡದ ನೆತ್ತಿಯಲ್ಲಿ ಬಂಡೆಯ ಬಿರುಕಿನಲ್ಲಿ ಹುಟ್ಟುವಂಥದ್ದು. ದಪ್ಪ ಎಲೆ, ಒಂದರ ಮೇಲೊಂದು ಜೋಡಿಸಿದ ಹಾಗೆ. ಬಿಸಿಲಿಗೆ ಅಂಚು ಕೆಂಪಾಗುತ್ತದೆ. ಚಳಿಗಾಲದಲ್ಲಿ ಉದ್ದನೆಯ ದಂಟು ಬಿಟ್ಟು ಹಳದಿ ಹೂ. ಮೇಷ್ಟರು ತಮ್ಮೂರು ಚಂದಕವಾಡಿ ಕಡೆಯ ಬೋಳುಗುಡ್ಡದಿಂದ ಅದನ್ನು ಎಷ್ಟೋ ಸಲ ತಂದು ನೆಟ್ಟಿದ್ದರು. ಪ್ರತಿ ಸಲವೂ ಸತ್ತಿತ್ತು. ಕಾಯಿಲೆ ಗೊತ್ತಾದ ಮೇಲೆ, ಬೇಡ ಅಂದರೂ ಕೇಳದೆ ಕೊನೆಯ ಸಲ ಗುಡ್ಡ ಹತ್ತಿ ತಂದದ್ದು ಹಿಡಿಯಿತು. ಅದು ಹೂ ಬಿಡುವ ಹೊತ್ತಿಗೆ ಮೇಷ್ಟರು ಇರಲಿಲ್ಲ.

ಆ ಏಪ್ರಿಲಿನಲ್ಲಿ ಮೇಡಮ್ಮನವರ ಮಗಳಿಗೆ ಹೆರಿಗೆ. ಮೊದಲ ಹೆರಿಗೆಗೆ ಮಗಳು ತವರಿಗೆ ಬರಬೇಕಲ್ಲ. ಆದರೆ ಗುಂಡ್ಲುಪೇಟೆಯಲ್ಲಿ ಬಾಣಂತಿಗೆ ಎರೆಯಲು ನೀರೆಲ್ಲಿ? ಹಾಗಾಗಿ ತಾಯಿಯೇ ಮೈಸೂರಿಗೆ ಮಗಳ ಮನೆಗೆ ಹೊರಟರು. ಹೊರಡುವ ದಿನ ನನ್ನನ್ನು ಕರೆದು ಗೇಟಿನ ಬೀಗದ ಕೈ ಕೊಟ್ಟರು.

"ಸಿದ್ದು, ಬೇರೆ ಯಾವ್ದಕ್ಕೂ ಏನೂ ಮಾಡ್ಬೇಡ, ಅವು ಬದುಕ್ಕೋತವೆ. ಇದೊಂದು ನೋಡ್ಕೊ. ತಿಂಗಳಿಗೆ ಒಂದು ಲೋಟ ನೀರು. ಅಷ್ಟೇ."

"ಒಂದೇ ಲೋಟನಾ ಮೇಡಂ?"

"ಒಂದೇ ಕಣಪ್ಪ. ಲೆಕ್ಕದಲ್ಲಿ ನೀನು ಯಾವಾಗ್ಲೂ ಒಂದು ಜಾಸ್ತಿ ಬರೀತೀಯ, ಇಲ್ಲಿ ಬರೀಬೇಡ."

ಇಬ್ಬರೂ ನಕ್ಕೆವು. ಅವರು ಆಟೋ ಹತ್ತಿದರು.

ರಜದಲ್ಲಿ ಸ್ಕೂಲು ಕಾಯುವುದು ನನ್ನ ಕೆಲಸ. ಮಕ್ಕಳಿಲ್ಲದ ಸ್ಕೂಲನ್ನು ನೀವು ನೋಡಿದ್ದೀರೋ ಇಲ್ಲವೋ. ಹಗಲೇ ಭಯವಾಗುತ್ತದೆ. ಬೋರ್ಡಿನ ಮೇಲೆ ಕೊನೆಯ ದಿನದ ತಾರೀಖು ಹಾಗೇ ಇರುತ್ತದೆ. ಒಂದು ಮಧ್ಯಾಹ್ನ ಸುಮ್ಮನೆ ಗಂಟೆ ಬಾರಿಸಿ ನೋಡಿದೆ. ಯಾರೂ ಓಡಿಬರಲಿಲ್ಲ. ನನಗೇ ನಾಚಿಕೆಯಾಗಿ ಕಂಬಿಯನ್ನು ಕೆಳಗಿಟ್ಟೆ. ಮಾತಾಡಲು ಇದ್ದವನು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದ ಮಾದೇವ ಒಬ್ಬನೇ. ಅವನಿಗೂ ಹೆಂಡತಿ ಮಕ್ಕಳು, ಏಳು ಗಂಟೆಗೆ ಶಟರ್ ಎಳೆದು ಹೋಗಿಬಿಡುತ್ತಿದ್ದ. ಹಾಗಾಗಿ ಸಂಜೆ ಮೇಡಮ್ಮನವರ ಅಂಗಳಕ್ಕೆ ಹೋಗಿ ಆ ಗಿಡದ ಮುಂದೆ ಕೂರುವುದು ಅಭ್ಯಾಸವಾಯಿತು. ಒಂದು ಜೀವ ನನ್ನನ್ನು ನಂಬಿಕೊಂಡಿದೆ ಅನ್ನುವುದು ನನಗೆ ಹೊಸದು.

ಎರಡು ವಾರಕ್ಕೆ ಎಲೆಗಳು ಸೊರಗಿದವು. ಮುದುಕರ ಕೈಯ ಚರ್ಮದ ಹಾಗೆ ಸುಕ್ಕಾದವು. ಬಂಡೆಗಿಡ ಬೇಸಿಗೆಯಲ್ಲಿ ಹಾಗೇ ಮುದುರಿಕೊಂಡು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ಬೇಸಾಯ ಒಂದೇ. ಅರಿಶಿನ ನೆಟ್ಟ ಮೇಲೆ ಗೊಬ್ಬರ ಕೊಡಬೇಕು, ಬುಡಕ್ಕೆ ಸೊಪ್ಪು ಸದೆ ಹೊದಿಸಿ ತಂಪಾಗಿಡಬೇಕು, ಎಲೆ ಸುರುಟಿದರೆ ನೀರು ಹಾಯಿಸಬೇಕು. ಅಪ್ಪ ನನಗೆ ಕಲಿಸಿದ್ದು ಅಷ್ಟೇ. ಎಲೆ ಸುರುಟಿದ್ದನ್ನು ನೋಡಿಕೊಂಡು ಸುಮ್ಮನಿರುವ ಬೇಸಾಯಗಾರನನ್ನು ನಮ್ಮಲ್ಲಿ ಸೋಮಾರಿ ಅನ್ನುತ್ತಾರೆ.

ಕುರಿಗೊಬ್ಬರ ತಂದು ಬುಡಕ್ಕೆ ಹಾಕಿದೆ. ಒಣಹುಲ್ಲು ಹೊದಿಸಿದೆ. ಟ್ಯಾಂಕರಿನಲ್ಲಿ ನನ್ನ ಪಾಲಿಗೆ ಸಿಕ್ಕಿದ ನಾಲ್ಕು ಬಿಂದಿಗೆಯಲ್ಲಿ ಒಂದನ್ನು ಅದಕ್ಕೇ ಎತ್ತಿಟ್ಟೆ. ಸ್ನಾನವನ್ನು ವಾರಕ್ಕೊಂದು ಸಲ ಮಾಡಿಕೊಂಡೆ. ದಿನಾ ಸಂಜೆ ಒಂದು ಚೊಂಬು. ಮೊದಲ ನಾಲ್ಕೈದು ದಿನ ಎಲೆಗಳು ತುಂಬಿಕೊಂಡು ಹೊಳೆದವು. ನನಗೆ ಎಷ್ಟು ಖುಷಿಯೆಂದರೆ, ಮಾದೇವನನ್ನು ಕರೆತಂದು ತೋರಿಸಿದೆ.

"ಎಂಗದೆ ನೋಡ್ಲಾ."

"ಇದ್ನ ತೋರ್ಸಕ ಅಂಗಡಿ ಬುಡ್ಸಿ ಕರ್ಕಂಡ್ ಬಂದ್ಯಾ? ನಿಂಗ ಒಂದ್ ಎಣ್ಣು ನೋಡ್ಬೇಕು ಕಣ, ಇಂಗೇ ಬುಟ್ರ ನೀನು ಕತ್ತಾಳೇನೂ ಮಾತಾಡ್ಸಿಯ."

ಹತ್ತನೇ ದಿನವೋ ಹನ್ನೊಂದನೇ ದಿನವೋ ಎಲೆಗಳು ಗಾಜಿನ ಹಾಗೆ ಆಚೆಬದಿ ಕಾಣುವಷ್ಟು ತೆಳುವಾದವು. ಮುಟ್ಟಿದರೆ ಬೆರಳು ಒಳಗೆ ಹೋಯಿತು. ಹುಲ್ಲು ಸರಿಸಿದೆ. ಬುಡ ಕಪ್ಪಾಗಿತ್ತು. ಸ್ವಲ್ಪ ಎತ್ತಿದೆ, ಇಡೀ ಗಿಡ ಬೇರಿಲ್ಲದೆ ಕೈಗೆ ಬಂತು. ಕೊಳೆತ ವಾಸನೆ. ಯಾರಾದರೂ ನೋಡಿಯಾರೆಂದು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ತಂದು, ನನ್ನ ಕೋಣೆಯ ಹಿಂದೆ ಒಡೆದ ಹೆಂಚಿನ ರಾಶಿಯ ಮೇಲೆ ಸುರಿದುಬಿಟ್ಟೆ.

ಮಾದೇವನಿಗೆ ಹೇಳಿದೆ. ಅವನು ಟ್ಯೂಬಿಗೆ ಪ್ಯಾಚ್ ಒತ್ತುತ್ತಾ ಕೇಳಿಸಿಕೊಂಡ.

"ಗುಡ್ಡದಲ್ಲಿ ಇನ್ನೂ ಅವ ತಾನೇ? ಒಂದ್ ಕಿತ್ಕಂಡ್ ಬಂದು ಮಡಗ್ಬುಡು."

"ಅದು ಮೇಷ್ಟ್ರು ತಂದಿದ್ದು ಕಣ್ಲಾ."

"ಗಿಡುಕ್ಕ ಎಸ್ರು ಬರ್ದಿದ್ದಾ? ಆಯಮ್ಮ ಮೊದ್ಲೇ ಒಬ್ರ ಕಳ್ಕಂಡವ್ರೆ. ಇದ್ನೂ ಯೋಳಿ ಅಳುಸ್ಬೇಕಾ ನೀನು? ಓಗು, ಕಿತ್ಕಂಡ್ ಬಾ."

ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ನಾನೂ ಕೆಟ್ಟದ್ದೆಂದು ತಿಳಿದು ಮಾಡಲಿಲ್ಲ. ಆದರೆ ನನ್ನ ಹೆದರಿಕೆಯನ್ನು ಅವರ ಮೇಲಿನ ಕನಿಕರ ಅಂದುಕೊಂಡೆ. ಇದು ಅರ್ಥವಾಗಲು ನನಗೆ ಬಹಳ ಕಾಲ ಬೇಕಾಯಿತು.

ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ಚಂದಕವಾಡಿ ಬಸ್ಸು ಹಿಡಿದು, ಮೇಡಂ ಹಿಂದೆ ಹೇಳಿದ್ದ ಗುರುತಿನ ಮೇಲೆ ಗುಡ್ಡ ಹತ್ತಿದೆ. ಬಂಡೆ ಕಾದು ಚಪ್ಪಲಿ ಮೆತ್ತಗಾಗುತ್ತಿತ್ತು. ನೆತ್ತಿಯಲ್ಲಿ, ಮಣ್ಣೇ ಇಲ್ಲದ ಬಿರುಕಿನಲ್ಲಿ, ಎಲೆಯೆಲ್ಲ ಮುದುರಿ ಸುಕ್ಕಾಗಿ ಕೂತಿದ್ದವು ಗಿಡಗಳು. ನಾನು ಸಾಯುತ್ತಿದೆ ಅಂದುಕೊಂಡದ್ದು ಅದರ ಬದುಕುವ ರೀತಿ. ಅದನ್ನು ನೋಡಿ ಅಲ್ಲೇ ಕೂತು, ಚಾಕು ತೆಗೆದು ಒಂದು ಬಿರುಕು ಕೆದಕತೊಡಗಿದೆ.

ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಕೋಲೂರಿಕೊಂಡು ಹತ್ತಿರ ಬಂದರು.

"ಯಾವೂರು ಕೂಸು? ಇದ್ಯಾಕ ಕೀಳ್ತಿದ್ದೈ, ಔಸ್ದಿಗಾ?"

"ಮನೆ ಮುಂದ ಮಡಗಕ ಅಜ್ಜಿ."

"ಮನ ಮುಂದ ಮಡಗಿ ನೀರ್ ಉಯ್ದು ಸಾಯಿಸ್ತೀರ. ಮಣ್ಣಾಕ್ಬ್ಯಾಡ, ಇದೇ ಕಲ್ಪುಡಿ ತಕಂಡೋಗು. ನೆಳ್ಳಲ್ಲಿ ವಸಿ ದಿನ ಸುಮ್ಕ ಬುಡು. ಅದ್ರ ಪಾಡಿಗ ಅದು ಇದ್ದದು, ನಿನ್ ಪಾಡಿಗ ನೀನಿರು."

ಹಳೆಯ ಗಿಡದಷ್ಟೇ ಎತ್ತರದ್ದನ್ನು ಹುಡುಕಿ, ಬಿರುಕಿನಿಂದ ಬೇರು ಹರಿಯದಂತೆ ಚಾಕುವಿನಲ್ಲಿ ಬಿಡಿಸಿ, ಕಲ್ಲಿನ ಪುಡಿಯನ್ನೂ ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದೆ. ಬಾನಿಯನ್ನು ತೊಳೆದು ನೆಟ್ಟೆ. ಈ ಸಲ ಹೇಳಿದ್ದಷ್ಟೇ ಮಾಡಿದೆ. ಅದು ಬದುಕಿತು.

ಜೂನಿನಲ್ಲಿ ಸ್ಕೂಲು ತೆರೆಯುವ ಮುಂಚಿನ ದಿನ ಮೇಡಂ ಬಂದರು. ಚೀಲ ಕೆಳಗಿಡುವ ಮೊದಲೇ ಬಾನಿಯ ಹತ್ತಿರ ಹೋದರು.

"ಸ್ವಲ್ಪ ಬಡವಾದಂಗಿದೆ ಅಲ್ವಾ?"

"ಬಿಸಿಲು ಜಾಸ್ತಿ ಇತ್ತು ಮೇಡಂ."

"ಇರ್ಲಿ, ಬದುಕಿದ್ಯಲ್ಲ. ಹೇಳಿದ್ದನ್ನ ಹೇಳಿದಂಗೆ ಮಾಡೋನು ಈ ಊರಲ್ಲಿ ನೀನೊಬ್ಬನೇ ಕಣೋ ಸಿದ್ದು." ಮೈಸೂರಿನಿಂದ ತಂದಿದ್ದ ಹೊಸ ಷರಟು ಕೈಗಿಟ್ಟರು. "ಹಾಕ್ಕೊ. ಇನ್ಮೇಲೆ ಪಿಯುಸಿಗೆ ಕೂರ್ಬೇಕು ನೀನು. ಬುಧವಾರದಿಂದ ಸಂಜೆ ಬಾ."

ನಾನು ಹೋಗಲಿಲ್ಲ. ತಲೆನೋವು ಅಂದೆ, ಊರಿಗೆ ಹೋಗಬೇಕು ಅಂದೆ. ಆ ಷರಟನ್ನು ಹಾಕಿಕೊಳ್ಳಲು ಆಗಲಿಲ್ಲ. ಮೊದಲು ನಾನು ಒಂಟಿಯಾಗಿದ್ದದ್ದು ಯಾರೂ ಇಲ್ಲ ಅಂತ. ಈಗ ಕರೆಯುವವರಿದ್ದರೂ ಹೋಗಲಾಗದ ಒಂಟಿತನ. ಎರಡನೆಯದು ಜಾಸ್ತಿ ಕಷ್ಟ.

ಜೂನ್ ಕೊನೆಯಲ್ಲಿ ನಾಲ್ಕು ಹನಿ ಮಳೆ ಬಿತ್ತು. ಬೆಳಿಗ್ಗೆ ಬಟ್ಟೆ ಒಗೆಯಲು ಹಿತ್ತಲಿಗೆ ಹೋದವನು ಹೆಂಚಿನ ರಾಶಿಯ ಕಡೆ ನೋಡಿದೆ. ಎರಡು ಹೆಂಚಿನ ಸಂದಿಯಲ್ಲಿ, ಬಾಡಿ ಕಂದಾಗಿದ್ದ ಒಂದು ದಪ್ಪ ಎಲೆ. ಅದರ ಬುಡದಲ್ಲಿ ಅಕ್ಕಿ ಕಾಳಿನಷ್ಟು ಹಸಿರು. ಕೂತು ನೋಡಿದೆ. ಮೇಲಿನ ಎಲೆಯೊಂದು ಕೊಳೆಯದೆ ಉಳಿದು, ಮಣ್ಣಿಲ್ಲದೆ, ನೀರಿಲ್ಲದೆ, ಯಾರೂ ನೋಡದೆ ಬೇರು ಬಿಟ್ಟಿತ್ತು. ಮೇಷ್ಟರ ಗಿಡ. ನಿಜವಾದದ್ದು. ಅದು ನನ್ನ ಹಿತ್ತಲಿನಲ್ಲಿತ್ತು. ಅವರ ಅಂಗಳದಲ್ಲಿ ಇದ್ದದ್ದು ಬೇರೆ.

ಮೊದಲು ಖುಷಿಯಾಯಿತು. ಆಮೇಲೆ ಲೆಕ್ಕ ಹಾಕಿದೆ. ಇದನ್ನು ಕೊಡಬೇಕಾದರೆ ಎಲ್ಲವನ್ನೂ ಹೇಳಬೇಕು. ಹೇಳದಿದ್ದರೆ ಇದನ್ನು ನಾನು ಇಟ್ಟುಕೊಳ್ಳಬೇಕು, ಕದ್ದ ಹಾಗೆ. ಒಂದು ಹಳೆಯ ಡಬ್ಬಿಗೆ ತೂತು ಹೊಡೆದು ಜಲ್ಲಿಪುಡಿ ತುಂಬಿ ಅದನ್ನು ಕೂರಿಸಿದೆ. ಜುಲೈನಲ್ಲಿ ನಾಲ್ಕು ಎಲೆ. ಆಗಸ್ಟಿನಲ್ಲಿ ಎಂಟು. ಎರಡು ಸಲ ಡಬ್ಬಿ ಹಿಡಿದು ಅವರ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದೆ. ಒಂದು ಸಲ ನಾಯಿ ಬೊಗಳಿತು ಅನ್ನುವುದೇ ನೆಪವಾಯಿತು.

"ಬಿಸಾಕತ್ಲಾಗ, ಆಯಮ್ಮ ಚೆಂದಾಗವ್ರೆ," ಅಂದ ಮಾದೇವ. "ಇಲ್ಲಾಂದ್ರ ಓಗಿ ಯೋಳ್ಬುಡು. ದಿನಾ ಬಂದು ನನ್ ಅಂಗಡಿ ಮುಂದ ಮಕ ಇಳೀಬುಟ್ಕಂಡ್ ಕೂತ್ಕಬ್ಯಾಡ, ಗಿರಾಕಿಗೋಳು ಯಾರೋ ಓಗ್ಬುಟ್ರು ಅನ್ಕತ್ತಾರ."

ಸೆಪ್ಟೆಂಬರಿನ ಒಂದು ಸಂಜೆ ಹೆಡ್‌ಮಾಸ್ಟರು ಒಂದು ಸರ್ಕ್ಯುಲರ್ ಕೊಟ್ಟು ಮೇಡಮ್ಮನವರ ಸಹಿ ಹಾಕಿಸಿಕೊಂಡು ಬಾ ಅಂದರು. ಗೇಟಿನ ಹತ್ತಿರ ಹೋದಾಗ ಒಳಗೆ ಮಾತು ಕೇಳಿಸಿತು. ನೆಂಟರು ಬಂದಿರಬೇಕು ಅಂದುಕೊಂಡು ನಿಂತೆ. ಕಾಂಪೌಂಡಿನ ಜಾಲರಿಯಲ್ಲಿ ಕಂಡದ್ದು ಮೇಡಂ ಒಬ್ಬರೇ. ಬಾನಿಯ ಪಕ್ಕ ಕಲ್ಲಿನ ಮೇಲೆ ಕೂತು, ಕಾಫಿ ಲೋಟ ಮಡಿಲಲ್ಲಿಟ್ಟುಕೊಂಡಿದ್ದರು.

"ನಿಮ್ಮ ಮೊಮ್ಮಗಳು ಇವತ್ತು ಬೋರಲು ಬಿದ್ದಳಂತೆ ಕಣ್ರೀ. ಮಗಳು ಫೋನ್ ಮಾಡಿದ್ಲು. ಬಿದ್ದು ತಲೆ ಎತ್ತಿ ಸುತ್ತ ನೋಡಿದ್ಲಂತೆ, ಥೇಟ್ ನಿಮ್ಮ ಹಾಗೆ, ನಾನೇ ಗುಡ್ಡ ಹತ್ತಿದ್ದು ಅನ್ನೋ ಹಾಗೆ. ಹಣೆ ನಿಮ್ದೇ. ಬೇಡ ಅಂದ್ರೂ ನಿಮ್ದೇ ಬಂದಿದೆ."

ಇಷ್ಟು ಹೇಳಿ ನಕ್ಕರು. ಆಮೇಲೆ ಒಂದು ಬೆರಳಿನಿಂದ ಎಲೆಯ ಮೇಲಿನ ಧೂಳು ಒರೆಸಿದರು.

ನಾನು ಸಹಿ ಕೇಳಲಿಲ್ಲ. ಕೋಣೆಗೆ ಓಡಿಹೋಗಿ ಡಬ್ಬಿ ತಂದೆ. ಬೆಳಕು ಇನ್ನೂ ಇತ್ತು. ಗೇಟು ತೆಗೆದು ಒಳಗೆ ಹೋಗಿ, ಡಬ್ಬಿಯನ್ನು ಅವರ ಮುಂದೆ ಇಟ್ಟು, ಸರ್ಕ್ಯುಲರ್ ಕೈಯಲ್ಲಿ ಹಿಡಿದು ನಿಂತುಕೊಂಡೇ ಎಲ್ಲ ಹೇಳಿದೆ. ನೀರು, ಗೊಬ್ಬರ, ಹುಲ್ಲು, ಚೀಲ, ಗುಡ್ಡ, ಹೆಂಚು. ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದೆ. ನಡುವೆ ನಿಲ್ಲಿಸಿದ್ದರೆ ಮುಂದಕ್ಕೆ ಹೇಳಲು ಆಗುತ್ತಿರಲಿಲ್ಲ.

ಅವರು ಡಬ್ಬಿಯನ್ನೇ ನೋಡುತ್ತಿದ್ದರು. ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ನೀರು ಹಾಕ್ಬಿಟ್ಟೆ, ಸತ್ತೋಯ್ತು ಅಂತ ಅವತ್ತೇ ಹೇಳಿದ್ರೆ ನಾನೇನು ಮಾಡ್ತಿದ್ದೆ? ಒಂದು ದಿನ ಅಳ್ತಿದ್ದೆ, ಅಷ್ಟೇ ತಾನೇ?" ಧ್ವನಿ ಏರಲೇ ಇಲ್ಲ. "ಮೂರು ತಿಂಗಳಿಂದ ಇದರ ಮುಂದೆ ಕೂತು ಮಾತಾಡಿದ್ದೀನಲ್ಲ ನಾನು. ದಿನಾ. ಅದೆಲ್ಲ ಯಾರಿಗೆ ಹೇಳಿದ ಹಾಗಾಯ್ತು, ಹೇಳಿ ಸಿದ್ದರಾಜು ಅವರೇ?"

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಎದ್ದು ಬಾನಿಯನ್ನು ತಾವೇ ಸರಿಸಿದರು. ಕೈಯಾಡಿಸಿ ಗುಡ್ಡದ ಗಿಡವನ್ನು ಬೇರು ಸಮೇತ ಬಿಡಿಸಿದರು. ಒಂದು ಬೇರೂ ಕಡಿಯಲಿಲ್ಲ. ಗಣಿತದ ಪೇಪರೊಂದರಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ಇದರದ್ದೇನೂ ತಪ್ಪಿಲ್ಲ. ಎಲ್ಲಿಂದ ತಂದ್ರೋ ಅಲ್ಲೇ ಇಟ್ಟು ಬನ್ನಿ. ಸರ್ಕ್ಯುಲರ್ ಕೊಡಿ, ಸಹಿ ಹಾಕ್ತೀನಿ."

ಸಹಿ ಹಾಕಿದರು. ನಾನು ಗೇಟು ಹಾಕಿಕೊಂಡು ಬಂದೆ.

ಆಮೇಲೆ ಎಂಟೊಂಬತ್ತು ತಿಂಗಳು ಒಂದೇ ಸ್ಕೂಲಿನಲ್ಲಿ ಇದ್ದೆವು. ಮೇಡಂ ಒಂದು ದಿನವೂ ನನ್ನ ಮೇಲೆ ರೇಗಲಿಲ್ಲ, ಯಾರ ಹತ್ತಿರವೂ ಹೇಳಲಿಲ್ಲ. ಸಿದ್ದರಾಜು ಅವರೇ, ರಿಜಿಸ್ಟರ್ ತನ್ನಿ. ಸಿದ್ದರಾಜು ಅವರೇ, ಸೀಮೆಸುಣ್ಣ ಮುಗಿದಿದೆ. ಬೇರೆಯವರು ನನಗೆ ಮರ್ಯಾದೆ ಜಾಸ್ತಿಯಾಯಿತು ಅಂದುಕೊಂಡಿರಬೇಕು. ಬೈದು ಪಾಠ ಹೇಳಿದ ಆ ಏಕವಚನಕ್ಕಾಗಿ ನಾನು ಎಷ್ಟು ಕಾದೆನೆಂದು ಹೇಳಲಾರೆ. ಮುಂದಿನ ವರ್ಷ ಚಾಮರಾಜನಗರಕ್ಕೆ ವರ್ಗವಾಯಿತು. ಪಿಯುಸಿ ಕಟ್ಟಲಿಲ್ಲ.

ಆ ಗಿಡವನ್ನು ಮಾರನೇ ದಿನವೇ ರಜಾ ಹಾಕಿ ಚಂದಕವಾಡಿಗೆ ಒಯ್ದೆ. ಗುಡ್ಡದ ಮೇಲೆ ಯಾರೂ ಇರಲಿಲ್ಲ. ಮೋಡ ಇತ್ತು, ಮಳೆ ಇರಲಿಲ್ಲ. ನಾನು ಕಿತ್ತಿದ್ದ ಬಿರುಕು ಹಾಗೇ ಇತ್ತು, ಚಾಕುವಿನ ಗೀರು ಕೂಡ. ಗಿಡವನ್ನು ಅದರಲ್ಲಿ ಕೂರಿಸಿ, ಸುತ್ತ ಕಲ್ಲಿನ ಪುಡಿ ಒತ್ತಿದೆ. ಪಕ್ಕದಲ್ಲಿ ಕೂತೆ. ಏನಾದರೂ ಮಾತಾಡಬೇಕು ಅನ್ನಿಸಿತು. ಬಾಯಿ ತೆರೆದೆ. ಆದರೆ ಯಾರಿಗೆ ಹೇಳುತ್ತಿದ್ದೇನೆ ಅಂತ ತಿಳಿಯಲಿಲ್ಲ. ಗಾಳಿ ಜೋರಾಗಿತ್ತು. ಸುಮ್ಮನೆ ಇಳಿದು ಬಂದೆ.

ಅವತ್ತು ಹೇಳಲಾಗದ್ದನ್ನು ಇಷ್ಟು ವರ್ಷದ ಮೇಲೆ ನಿಮಗೆ ಹೇಳಿದ್ದೇನೆ. ಒಂದು ಮಾತನ್ನು ಮೂರು ತಿಂಗಳು ತಡವಾಗಿ ಹೇಳಿ ಒಬ್ಬರನ್ನು ಕಳೆದುಕೊಂಡವರು ನಿಮ್ಮಲ್ಲೂ ಇದ್ದರೆ ದಯವಿಟ್ಟು ಬರೆಯಿರಿ. ಎರಡೇ ಸಾಲಾದರೂ ಆಗಲಿ. ನಾನು ನಿಧಾನವಾಗಿ ಓದುವವನು, ಆದರೆ ಎಲ್ಲವನ್ನೂ ಓದುತ್ತೇನೆ.